ಇನ್ನಾಸಪ್ಪನ ಮೊಳ

ಪಾಟರಿ ಟೌನಿನ ಅಡಿಯಲ್ಲಿ ಮೆಟ್ರೋ ಸುರಂಗ ಕೊರೆಯುವಾಗ
ನಮ್ಮ ಚರ್ಚಿನ ಕಮಾನಿಗೆ ಒಂದು ಗೆರೆ ಬಿತ್ತು.
ಕೂದಲಿಗಿಂತ ದಪ್ಪ, ಹೊಲಿಗೆ ದಾರಕ್ಕಿಂತ ಸಣ್ಣ.
ಎಂಜಿನಿಯರು ಬಂದು ಗೆರೆಗೆ ಅಡ್ಡಲಾಗಿ
ಗಾಜಿನ ಪಟ್ಟಿ ಅಂಟಿಸಿ ಹೋದ:
‘ಇದು ಒಡೆದರೆ ಫೋನ್ ಮಾಡಿ.’
ದಿನಾ ಎರಡು ಹೊತ್ತು ಏಣಿ ಹತ್ತಿ ನೋಡುವುದು ನನ್ನ ಪಾಲಿಗೆ ಬಂತು.
ಕೊಯರ್ ಮೇಷ್ಟ್ರಿಗೆ ಮಂಡಿನೋವು,
ಸ್ವಾಮಿಗಳಿಗೆ ಎತ್ತರ ಕಂಡರೆ ತಲೆಸುತ್ತು.

ಚೂಪು ಕಮಾನಲ್ಲ ನಮ್ಮದು, ಕವುಚಿದ ಅರ್ಧ ಬಳೆ.
ಮೂರಡಿ ಗೋಡೆ, ಅಂಗೈಯಗಲದ ಕಿಟಕಿ,
ಒಳಗೆ ನಡುಮಧ್ಯಾಹ್ನವೂ ಮುಸ್ಸಂಜೆ.
ಕಂಬದ ತಲೆಗೆ ಓಕ್ ಎಲೆ ಕೆತ್ತಿ ಎಂದರಂತೆ ಫಾದರ್ ಲೆಮಾರ್ಶಾಂ.
(ಹಾಗನ್ನಲು ನಾಲಿಗೆ ಹೊರಳದೆ ಜನ ಮಾರಸ್ವಾಮಿ ಎಂದರು.)
ಓಕ್ ಯಾರು ಕಂಡಿದ್ದರು? ಕಲ್ಕುಟಿಗರು
ನೆರಳಿಗೆ ಕೂತಿದ್ದ ಹೊಂಗೆಯನ್ನೇ ಕೆತ್ತಿದರು.

ನಾರ್ಮಂಡಿಯ ತಮ್ಮೂರ ಚರ್ಚಿನ ಕಮಾನಿಗೆ
ಅಗಲಕ್ಕೊಂದು, ಎತ್ತರಕ್ಕೊಂದು ದಾರ ಹಿಡಿದು
ಜಪದ ಪುಸ್ತಕದಲ್ಲಿ ಸುತ್ತಿಟ್ಟುಕೊಂಡು ಹಡಗು ಹತ್ತಿದವರು ಅವರು.
ಆ ದಾರವನ್ನು ನನ್ನ ತಾತ ಇನ್ನಾಸಪ್ಪ ಮೇಸ್ತ್ರಿ
ಮೊಣಕೈಗೆ ಹಚ್ಚಿ ಅಳೆದ:
ಒಂಬತ್ತು ಮೊಳ, ಒಂದು ಗೇಣು, ಎರಡು ಬೆರಳು.
ದಾರವನ್ನು ಆಮೇಲೆ ಗೆದ್ದಲು ತಿಂದಿತು.
ಅಳತೆ ಅವನ ಬಾಯಲ್ಲಿ ಉಳಿಯಿತು.

ನಲವತ್ತನಾಲ್ಕರಲ್ಲಿ ಆ ಊರಿನ ಮೇಲೆ ಬಾಂಬು ಬಿತ್ತು.
ಯಾರ ಬಾಂಬೆಂದು ಮಾರಸ್ವಾಮಿ ಹೇಳಲಿಲ್ಲ.
ಸುದ್ದಿ ಬಂದ ದಿನ
ಗಂಟೆ ಹೊಡೆಯುವವನನ್ನು ಮನೆಗೆ ಕಳಿಸಿ
ಹಗ್ಗ ತಾವೇ ಹಿಡಿದರಂತೆ,
ಹನ್ನೆರಡಕ್ಕೆ ನಿಲ್ಲಬೇಕಾದ್ದು
ಒಂದೂವರೆಗೂ ನಿಲ್ಲಲಿಲ್ಲವಂತೆ.

ನಾಲ್ಕು ವರ್ಷಕ್ಕೆ ಕಾಗದ ಬಂತು:
ನಕ್ಷೆಗಳು ಸುಟ್ಟಿವೆ. ಕಲ್ಲುಗಳನ್ನು ಆರಿಸಿ ಒಟ್ಟಿದ್ದೇವೆ.
ನಮ್ಮ ಕಮಾನು ಎಷ್ಟಿತ್ತು? ನಿಮ್ಮಲ್ಲಿದೆಯಂತೆ.

ಮಾರಸ್ವಾಮಿ ಮೊಳದಲ್ಲೇ ಬರೆದು ಕಳಿಸಿದರು.
ತಿರುಗಿ ಬಂತು ಪ್ರಶ್ನೆ: ಮೊಳವೆಂದರೆ ಎಷ್ಟು?

ಟೇಪು ಹಿಡಿದು ನಮ್ಮ ಕಮಾನನ್ನೇ ಅಳೆಯಬಹುದಿತ್ತಲ್ಲ
ಎಂದು ಕೇಳಿದೆ ನಾನು, ಸೋದರತ್ತೆ ಲೂರ್ದಮ್ಮನನ್ನು.
ನಕ್ಕಳು. ‘ನಿಮ್ಮ ತಾತನನ್ನು ನೀನು ನೋಡಿಲ್ಲ.’
ಮೊಳ ಕೇಳಿದ್ದಾರೆ, ಮೊಳ ಕೊಡುತ್ತೇನೆ ಎಂದನಂತೆ.
ಸಕ್ಕರೆ ಕಟ್ಟಿದ ಕಂದು ಕಾಗದ ಹಾಸಿ
ಮೊಣಕೈ ಊರಿ, ಅಂಗೈ ಚಾಚಿದ.
ಎಂಟು ವರ್ಷದ ಲೂರ್ದಮ್ಮ ಲಾಟೀನು ಹಿಡಿದಿದ್ದಳು.
ಪೆನ್ಸಿಲು ತೋಳಿನ ಗುಂಟ ಮೇಲೆ ಹೋಗಿ
ನಡುಬೆರಳ ಬಳಿ ನಿಂತಿತು.

ಕಮಾನು ಮುಗಿದು ಹತ್ತು ವರ್ಷಕ್ಕೆ
ಸಾದಹಳ್ಳಿಯ ಕಲ್ಲೊಂದು ಜಾರಿ
ಆ ಬೆರಳಿನ ತುದಿಗೆಣ್ಣು ಹೋಗಿತ್ತು.

ಬಹಳ ಹೊತ್ತು ಸುಮ್ಮನೆ ಕೂತಿದ್ದ, ಅಂದಳು ಅತ್ತೆ.
ಎಡಗೈ ನೋಡಿಕೊಂಡ. ಅದು ಸರಿಬೀಳಲಿಲ್ಲ.
ಕಣ್ಣು ಮುಚ್ಚಿ, ಹಗ್ಗ ಹಿಡಿದವನ ಹಾಗೆ
ಬಲಗೈಯನ್ನು ಗಾಳಿಯಲ್ಲಿ ಎರಡು ಸಲ ಎಳೆದ.
ಆಮೇಲೆ ಕಾಗದದ ಮೇಲೆ
ಇಲ್ಲದ ಗೆಣ್ಣನ್ನು ಬರೆದ,
ಉಗುರು ಸಮೇತ.

ಅಲ್ಲಿಂದ ಬಂದದ್ದು ಒಂದು ಫೋಟೋ.
ಸುಟ್ಟ ಕಲ್ಲು ಕಪ್ಪಗೆ, ಹೊಸ ಕಲ್ಲು ಬೆಳ್ಳಗೆ,
ಬೇಕೆಂದೇ ಬಣ್ಣ ಕೂಡಿಸದೆ ಬಿಟ್ಟಿದ್ದಾರೆ.
ಕಮಾನು ನಮ್ಮದರ ಹಾಗೇ ಇದೆ. ಫೋಟೋದಲ್ಲಿ
ಒಂದು ಬೆರಳಿನ ಹೆಚ್ಚುಕಡಿಮೆ ಯಾರಿಗೆ ಕಾಣುತ್ತದೆ?
ಕಾಗದದ ಬಗ್ಗೆ ಒಂದು ಮಾತೂ ಇಲ್ಲ.
ಅದನ್ನು ಬಳಸಿದರೋ,
ನೋಡಿ ನಕ್ಕು ಮಡಿಸಿಟ್ಟರೋ.

ಕಮಾನು ಕಟ್ಟಿದ ಮರದ ಅಚ್ಚು ಈಗಲೂ ಇದೆ,
ಕ್ರಿಸ್‌ಮಸ್ಸಿಗೆ ಹುಲ್ಲು ಹೊದಿಸಿ ಗೋದಲಿ ಮಾಡುತ್ತೇವೆ.
ಕುರಿಗಳ ಮಧ್ಯೆ ಯಾರದೋ ಮಗು ಇಟ್ಟ
ಪ್ಲಾಸ್ಟಿಕ್ ಡೈನೋಸಾರ್ ಒಂದಿದೆ, ತೆಗೆದಿಲ್ಲ.

ಇವತ್ತು ಸಂಜೆ ಏಣಿಯ ಮೇಲೆ ನಿಂತಾಗ
ಕೆಳಗೆಲ್ಲೋ ಯಂತ್ರ ತಿರುಗಿ
ಮೊಣಕಾಲಿಗೆ ನಡುಕ ಬಂತು.
ಗಾಜು ಹಿಡಿದುಕೊಂಡಿತು.
ಪಟ್ಟಿಯ ಪಕ್ಕ ನನ್ನ ಮೊಳ ಇಟ್ಟು ನೋಡಿದೆ,
ಎಲ್ಲಿಗೂ ಸಾಲದು.

ಇದು ಬಿದ್ದರೆ ನಾವೂ ಬರೆಯಬೇಕಾದೀತು:
ನಮ್ಮ ಕಮಾನು ಎಷ್ಟಿತ್ತು? ನಿಮ್ಮಲ್ಲಿದೆಯಂತೆ.
ಉತ್ತರ ಬರುತ್ತದೆ, ತಕ್ಷಣವೇ, ಮೀಟರಿನಲ್ಲಿ,
ಮೂರು ದಶಮಾಂಶದವರೆಗೆ.
ಅದರಲ್ಲಿ ಗೆಣ್ಣೆಷ್ಟು, ನೆನಪೆಷ್ಟು ಎಂದು
ಇನ್ನಾಸಪ್ಪನನ್ನೇ ಕೇಳಬೇಕು.